ಕಾರಿನ ಕ್ಲಿಯರ್ ಕೋಟ್: ಉಜ್ಜುವ ಮೊದಲು ಸ್ವಲ್ಪ ನಿಲ್ಲಿ

ಕಾರಿನ ಮೇಲೆ ಒಂದು ಗೀರು ಕಂಡರೆ ಸಾಕು, ಕೆಲವರು ಕೂಡಲೇ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಮರಳು ಕಾಗದ, ಹಿಡಿದು ಕೂತುಬಿಡುತ್ತಾರೆ. ಅಂಥವರನ್ನು ನೋಡಿದರೆ ನನಗೆ ಎದೆ ಧಸಕ್ಕೆನ್ನುತ್ತದೆ. ಬಣ್ಣದ ಮೇಲಿರುವ ಆ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ಅಷ್ಟೇ. ಒಂದು ಮಿಲಿಮೀಟರಿನಲ್ಲಿ ಇಪ್ಪತ್ತನೇ ಒಂದು ಪಾಲು! ಉಜ್ಜಿ ತೆಗೆದದ್ದು ಮತ್ತೆ ಬರುವುದಿಲ್ಲ. ಬಿಸಿಲಿನಿಂದ ಬಣ್ಣವನ್ನು ಕಾಯುವುದೂ ಅದೇ ಪದರ.

ಮೊದಲು ಗೀರಿನ ಮೇಲೆ ಸ್ವಲ್ಪ ನೀರು ಹಾಕಿ ನೋಡಿ. ಒದ್ದೆಯಾದಾಗ ಗೀರು ಮಾಯವಾಗಿ, ಒಣಗಿದ ಮೇಲೆ ಮತ್ತೆ ಕಂಡರೆ ಅದು ಕ್ಲಿಯರ್ ಕೋಟಿನಲ್ಲೇ ಇದೆ. ಆಮೇಲೆ ಉಗುರನ್ನು ಅಡ್ಡಲಾಗಿ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಗೀರು ಆಳವಾಗಿದೆ ಅಂತ ತಿಳಿಯಿರಿ. ಅದನ್ನು ಪೂರ್ತಿ ಅಳಿಸುವ ಹಟ ಬೇಡ. ಉಗುರಿಗೆ ಏನೂ ತಾಗದಿದ್ದರೆ ಬರೀ ಪಾಲಿಶಿನಲ್ಲೇ ಕೆಲಸ ಮುಗಿಯಬಹುದು. ಪೇಪರ್ ಯಾಕೆ ಸುಮ್ನೆ?

ಉಜ್ಜಲೇಬೇಕು ಅಂತಾದರೆ ಕಾರನ್ನು ಚೆನ್ನಾಗಿ ತೊಳೆಯಿರಿ. 2000 ನಂಬರ್ (ನಂಬರ್ ಹೆಚ್ಚಿದಷ್ಟೂ ಪೇಪರ್ ನಯ) ವಾಟರ್ ಪೇಪರನ್ನು ಒಂದೆರಡು ಹನಿ ಪಾತ್ರೆ ಸೋಪು ಹಾಕಿದ ನೀರಿನಲ್ಲಿ ಹತ್ತು ಹದಿನೈದು ನಿಮಿಷ ನೆನೆಹಾಕಿ. ಪೇಪರನ್ನು ಬರಿ ಬೆರಳಲ್ಲಿ ಒತ್ತಿ ಉಜ್ಜಬಾರದು. ಬೆರಳಿನ ಒತ್ತಡ ಬಿದ್ದ ಕಡೆ ಸಾಲು ಮೂಡುತ್ತದೆ, ಬಿಸಿಲಿಗೆ ಹಿಡಿದಾಗ ಎದ್ದು ಕಾಣುತ್ತದೆ. ಮೆತ್ತನೆಯ ರಬ್ಬರ್ ಬ್ಲಾಕಿಗೆ ಸುತ್ತಿಕೊಳ್ಳಿ. ಬಾಗಿಲಿನ ಅಂಚು, ಬಾನೆಟ್ಟಿನ ಏಣುಗೆರೆ, ಇಂಥ ಕಡೆ ಪದರ ಇನ್ನೂ ತೆಳು. ಅಲ್ಲಿ ಮೊದಲೇ ಮಾಸ್ಕಿಂಗ್ ಟೇಪ್ ಅಂಟಿಸಿಬಿಡಿ.

ಇನ್ನು ಕಣ್ಣಿಡಬೇಕಾದ್ದು ಹರಿಯುವ ನೀರಿನ ಮೇಲೆ. ಉಜ್ಜುವಾಗ ಬರುವ ಕೆಸರು ಹಾಲಿನಂತೆ ಬೆಳ್ಳಗಿದ್ದರೆ ನೀವಿನ್ನೂ ಕ್ಲಿಯರಿನಲ್ಲೇ ಇದ್ದೀರಿ. ಕಾರಿನ ಬಣ್ಣ ಇಳಿಯತೊಡಗಿತೋ, ಅಲ್ಲಿಗೇ ಕೈ ನಿಲ್ಲಿಸಿ. (ಕ್ಲಿಯರ್ ಕೋಟೇ ಇಲ್ಲದ ಹಳೇ ಕಾರುಗಳಲ್ಲಿ ಬಣ್ಣ ಬರುವುದು ಸಹಜ. ಕಾಣದ ಮೂಲೆಯಲ್ಲಿ ಸ್ವಲ್ಪ ಪಾಲಿಶ್ ಹಚ್ಚಿ ಒರೆಸಿ ನೋಡಿ, ಬಟ್ಟೆಗೆ ಬಣ್ಣ ಹತ್ತಿದರೆ ಕ್ಲಿಯರ್ ಕೋಟ್ ಇಲ್ಲ ಅಂತ ಗೊತ್ತಾಗುತ್ತದೆ.) ನಾಲ್ಕಾರು ಸಲ ಕೈಯಾಡಿಸಿದ ಮೇಲೆ ನೀರು ಒರೆಸಿ, ಒಣಗಿಸಿ, ಓರೆಯಾಗಿ ನೋಡಿ. ಉಜ್ಜಿದ ಜಾಗ ಮಂಕಾಗಿರುತ್ತದೆ, ನಡುವೆ ಸಣ್ಣ ಚುಕ್ಕಿಗಳು ಮಾತ್ರ ಹೊಳೆಯುತ್ತಿರುತ್ತವೆ. ಆ ಹೊಳೆಯುವ ಚುಕ್ಕಿಗಳೆಲ್ಲ ಇನ್ನೂ ಪೇಪರ್ ಮುಟ್ಟದ ತಗ್ಗುಗಳು. ಅವೆಲ್ಲ ಹೋಗಲೇಬೇಕು ಅಂತೇನಿಲ್ಲ. ಕೆಲವು ಉಳಿದರೂ ಪರವಾಗಿಲ್ಲ, ಪದರ ಉಳಿಯುವುದು ಮುಖ್ಯ. ನಂತರ 3000 ನಂಬರ್, ಆಮೇಲೆ ರಬ್ಬಿಂಗ್ ಕಾಂಪೌಂಡ್ (ಪಾಲಿಶಿಗಿಂತ ತುಸು ಒರಟಾದ, ಉಜ್ಜುವ ಪೇಸ್ಟ್), ಕೊನೆಗೆ ಪಾಲಿಶ್. ಮಷೀನ್ ಬಳಸಿದರೆ ಒಂದೇ ಕಡೆ ನಿಲ್ಲಿಸಬೇಡಿ, ಬಿಸಿಯಾಗಿ ಬಣ್ಣ ಸುಡುತ್ತದೆ.

ಕ್ಲಿಯರ್ ಕೋಟ್ ಸಿಪ್ಪೆ ಏಳುತ್ತಿದ್ದರೆ ಮಾತ್ರ ಇದೆಲ್ಲ ಸಾಲದು. ಪಾಲಿಶಿನಿಂದ ಅದು ಸರಿಯಾಗುವುದಿಲ್ಲ, ಯಾರು ಏನೇ ಹೇಳಲಿ. ಸಿಪ್ಪೆ ಎದ್ದಿರುವ ಅಂಚಿನ ಮೇಲೆಯೇ ಹೊಸ ಕ್ಲಿಯರ್ ಹೊಡೆದರೆ ಹಳೆಯದು ಏಳುವಾಗ ಹೊಸದನ್ನೂ ಎಬ್ಬಿಸಿಕೊಂಡೇ ಬರುತ್ತದೆ. ಗಟ್ಟಿ ಪದರ ಸಿಗುವವರೆಗೆ 800 ನಂಬರಿನಲ್ಲಿ ಉಜ್ಜಿ ಅಂಚನ್ನು ಇಳಿಜಾರು ಮಾಡಬೇಕು. ಕಣ್ಣು ಮುಚ್ಚಿ ಅಂಗೈ ಆಡಿಸಿ. ಮೆಟ್ಟಿಲು ತಾಗಿದಂತೆ ಆದರೆ ಇನ್ನೂ ಆಗಿಲ್ಲ ಅಂತ ಅರ್ಥ. ಆ ಭಾಗದ ಉಳಿದ ಜಾಗವನ್ನೆಲ್ಲ 1000 ನಂಬರಿನಲ್ಲಿ ಮಂಕಾಗಿಸಿ, ಹೊಳಪಿನ ಮೇಲೆ ಹೊಸ ಪದರ ಹಿಡಿಯುವುದಿಲ್ಲ. ಕೆಳಗಿನ ಬಣ್ಣವೇ ಮಾಸಿದ್ದರೆ ಮೊದಲು ಬಣ್ಣ ಹೊಡೆಯಬೇಕು. ಮಾಸಿದ್ದರ ಮೇಲೆ ಕ್ಲಿಯರ್ ಹಾಕಿದರೆ ಮಾಸಿದ್ದೇ ಹೊಳೆಯುತ್ತದೆ, ಅಷ್ಟೇ ಅಲ್ವಾ?

ಹೊಡೆಯುವ ಮುಂಚೆ ಮೇಣ, ಜಿಡ್ಡು ತೆಗೆಯುವ ದ್ರಾವಣದಿಂದ ಒರೆಸಿ. ಆಮೇಲೆ ಬರಿಗೈಲಿ ಮುಟ್ಟಬೇಡಿ. ಸ್ವಲ್ಪ ಸಿಲಿಕೋನ್ ಪಾಲಿಶ್ ಉಳಿದಿದ್ದರೂ ಹೊಸ ಪದರದಲ್ಲಿ ಮೀನಿನ ಕಣ್ಣಿನಂಥ ಗುಳಿ ಬೀಳುತ್ತದೆ. ನಡು ಬಾನೆಟ್ಟಿನಲ್ಲಿ ಟೇಪ್ ಹಾಕಿ ನಿಲ್ಲಿಸಬೇಡಿ, ಗೆರೆ ಜೀವನಪೂರ್ತಿ ಕಾಣುತ್ತದೆ. ಆ ಭಾಗ ಎಲ್ಲಿ ಮುಗಿಯುತ್ತದೋ ಅಲ್ಲಿಯವರೆಗೂ ಹೊಡೆಯಿರಿ. ನೇರ ಬಿಸಿಲು, ಗಾಳಿ, ಮಳೆಯ ಥಂಡಿ ಮೂರೂ ಬೇಡ. ಕ್ಲಿಯರಿನ ಸ್ಪ್ರೇ ಕ್ಯಾನನ್ನು ಎರಡು ನಿಮಿಷ ಚೆನ್ನಾಗಿ ಅಲ್ಲಾಡಿಸಿ, 20ರಿಂದ 25 ಸೆಂಟಿಮೀಟರ್ ದೂರ ಹಿಡಿದು, ಪ್ರತಿ ಸಾಲೂ ಹಿಂದಿನದರ ಅರ್ಧಕ್ಕೆ ಬೀಳುವಂತೆ ಹೊಡೆಯಿರಿ. ಮೊದಲ ಕೋಟ್ ತೆಳುವಾಗಿರಲಿ. ನಡುವೆ ಹತ್ತು ನಿಮಿಷ ಬಿಟ್ಟು ಇನ್ನೆರಡು ಕೋಟ್ ಸಾಕು. ಎಲ್ಲಾದರೂ ಸೋರಿ ಇಳಿದರೆ ಹಸಿಯಲ್ಲಿ ಒರೆಸಲು ಹೋಗಬೇಡಿ. ಪೂರ್ತಿ ಗಟ್ಟಿಯಾದ ಮೇಲೆ ಉಜ್ಜಿ ಸಮ ಮಾಡಬಹುದು.

ಹಾರ್ಡನರ್, ಅಂದರೆ ಪದರವನ್ನು ಗಟ್ಟಿ ಮಾಡುವ ದ್ರವ, ಸೇರಿಸುವ 2ಕೆ (ಎರಡು ಭಾಗದ) ಕ್ಲಿಯರ್ ಬಾಳಿಕೆ ಬರುತ್ತದೆ, ಪೆಟ್ರೋಲ್ ಚೆಲ್ಲಿದರೂ ತಡೆಯುತ್ತದೆ. ಸಾದಾ ಕ್ಯಾನಿನದು ಅಷ್ಟು ಗಟ್ಟಿಯಲ್ಲ. ಆದರೆ ಆ ಹಾರ್ಡನರಿನಲ್ಲಿರುವ ಐಸೊಸಯನೇಟ್ ಉಸಿರಿಗೆ ಬಹಳ ಕೆಟ್ಟದ್ದು, ಆಸ್ತಮಾ ಬರಿಸಬಲ್ಲದು. ಬಟ್ಟೆ ಮಾಸ್ಕು, ಧೂಳಿನ ಮಾಸ್ಕು ಅದನ್ನು ತಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿ ಕೊಡುವ ಮಾಸ್ಕ್ ಇರುವ ಪೇಂಟ್ ಬೂತಿಗೆ ಆ ಕೆಲಸ ಬಿಡುವುದೇ ನನ್ನ ಮಟ್ಟಿಗೆ ಜಾಣತನ. ಉಜ್ಜಿ ತಯಾರು ಮಾಡುವುದನ್ನು ಬೇಕಾದರೆ ನೀವೇ ಮಾಡಿಕೊಂಡು ಹೋಗಿ.

ಹೊಸ ಕೋಟಿಗೆ ಒಂದು ತಿಂಗಳಾದರೂ ಮೇಣ ಹಚ್ಚಬೇಡಿ. ಒಳಗಿನ ಥಿನ್ನರ್ ಹೊರಗೆ ಹೋಗಲು ದಾರಿ ಬೇಕು. ಅಲ್ಲಿಯವರೆಗೆ ತಣ್ಣೀರು, ಮೆತ್ತನೆ ಬಟ್ಟೆ ಸಾಕು. ಹಕ್ಕಿ ಹಿಕ್ಕೆ ಬಿದ್ದರೆ ಮಾತ್ರ ನಾಳೆಗೆ ಇಡದೆ ಅವತ್ತೇ ನೆನೆಸಿ ತೊಳೆಯಿರಿ.