ಮಳೆ ಹಿಡಿಯುವ ಮುಂಚೆ ಹಳೆಯ ಕ್ರೊನೊಗ್ರಾಫ್ ವಾಚು ಹೀಗೆ ನೋಡಿಕೊಳ್ಳಿ

ಚಿಕ್ಕಮಗಳೂರು, ಮೂಡಿಗೆರೆ ಕಡೆಯ ಹಳೆಯ ಮನೆಗಳಲ್ಲಿ ಬೀರು ತೆರೆದರೆ ಕೆಲವೊಮ್ಮೆ ಒಳ್ಳೆಯ ಕ್ರೊನೊಗ್ರಾಫ್ ವಾಚು, ಅಂದರೆ ಸ್ಟಾಪ್‌ವಾಚ್ ಕೂಡ ಇರುವ ಕೈಗಡಿಯಾರ, ಸಿಗುತ್ತದೆ. 1969ರಲ್ಲಿ ಬಂದ ಸೀಕೊ 6139 ಇರಬಹುದು, ವಾಲ್ಜೂ 7733 ಮೆಷಿನ್‌ನ ಸ್ವಿಸ್ ವಾಚಿರಬಹುದು. ಇವುಗಳ ದೊಡ್ಡ ಶತ್ರು ನಮ್ಮ ಮಲೆನಾಡಿನ ತೇವ. ಮಾಮೂಲಿ ವಾಚಿಗೆ ಇಲ್ಲದ ಎರಡು ಬಟನ್ ಇಲ್ಲಿವೆ. ಅವುಗಳ ರಬ್ಬರ್ ವಾಶರ್ ಒಣಗಿ ಬಿರುಕು ಬಿಟ್ಟರೆ ತೇವ ಒಳಗೆ ನುಗ್ಗುತ್ತದೆ. ಹಾಗಾಗಿ ಮೇ ತಿಂಗಳಲ್ಲೇ ಒಮ್ಮೆ ಪರೀಕ್ಷಿಸಿ.

ಮೊದಲು ಪೂರ್ತಿ ಕೀ ಕೊಡಿ. 7733ಕ್ಕೆ ಕೀ ಕೊಡುವ ಗುಂಡಿ ಬಿಗಿಯಾಗುವವರೆಗೆ ತಿರುಗಿಸಿದರೆ ಸಾಕು, ಆಮೇಲೆ ಬಲ ಹಾಕಬೇಡಿ. 6139ಕ್ಕೆ ಕೈಯಿಂದ ಕೀ ಕೊಡಲು ಬರುವುದಿಲ್ಲ, ಕಟ್ಟಿಕೊಂಡು ಓಡಾಡಬೇಕು.

ಈಗ ಮೇಲಿನ ಬಟನ್ ಒತ್ತಿ. ಹೊರಡುವಾಗ ಸೆಕೆಂಡಿನ ಮುಳ್ಳು 7733ರಲ್ಲಿ ಸ್ವಲ್ಪ ಜಿಗಿದರೆ ಗಾಬರಿ ಬೇಡ. ಹಲ್ಲಿಗೆ ಹಲ್ಲು ಕೂಡುವ ಚಕ್ರಗಳಲ್ಲಿ ಅದು ಸಹಜ. ಅರ್ಧ ಗಂಟೆ ಓಡಲು ಬಿಡಿ. ಅಷ್ಟರಲ್ಲಿ ವಾಚೇ ನಿಂತುಹೋದರೆ ಎಣ್ಣೆ ಒಣಗಿರುವ ಸಾಧ್ಯತೆ ಜಾಸ್ತಿ. ಮತ್ತೆ ಮೇಲಿನ ಬಟನ್ ಒತ್ತಿ ನಿಲ್ಲಿಸಿ, ನಂತರವೇ ಕೆಳಗಿನದನ್ನು ಒತ್ತಿ ಮುಳ್ಳನ್ನು 12ಕ್ಕೆ ವಾಪಸ್ ತನ್ನಿ. ಓಡುವಾಗ ಕೆಳಗಿನದನ್ನು ಒತ್ತಲೇಬೇಡಿ.

ಮುಳ್ಳು 12ಕ್ಕೆ ಸರಿಯಾಗಿ ಬಂತೇ? ಇದನ್ನು ನಾಲ್ಕೈದು ಸಲ ನೋಡಿ. ಪ್ರತಿ ಸಲ ಒಂದೇ ತಪ್ಪು ಜಾಗದಲ್ಲಿ ನಿಂತರೆ ಮುಳ್ಳನ್ನು ಕೂರಿಸಿದ್ದೇ ವಾರೆಯಾಗಿದೆ, ಸಣ್ಣ ಕೆಲಸ. ಒಂದೊಂದು ಸಲ ಒಂದೊಂದು ಕಡೆ ನಿಂತರೆ ಮುಳ್ಳು ಸಡಿಲವಾಗಿರಬಹುದು, ಇಲ್ಲವೇ ಅದನ್ನು ಹಿಂದಕ್ಕೆ ತರುವ ಸುತ್ತಿಗೆಯಂಥ ಭಾಗ ತೊಡಕುತ್ತಿರಬಹುದು. ರಿಪೇರಿಯವರಿಗೆ ಈ ವ್ಯತ್ಯಾಸ ಹೇಳಿದರೆ ಅವರ ಅರ್ಧ ಹುಡುಕಾಟ ಉಳಿಯುತ್ತದೆ.

ಹಿಂಬದಿ ಮುಚ್ಚಳ ಮಾತ್ರ ಮನೆಯಲ್ಲಿ ತೆಗೆಯಬೇಡಿ. 7733ರಂಥವುಗಳ ಒಳಗೆ ಮಾಮೂಲಿ ಸ್ಕ್ರೂವಿನಂತೆಯೇ ಕಾಣುವ ಕೆಲವು ಹೊಂದಾಣಿಕೆಯ ತಿರುಪುಗಳಿವೆ. ಅವು ಏನನ್ನೂ ಬಿಗಿಯುವುದಿಲ್ಲ, ಚಕ್ರಗಳು ಎಷ್ಟು ಆಳಕ್ಕೆ ಕೂಡಬೇಕೆಂದು ನಿರ್ಧರಿಸುತ್ತವೆ. ಸುಮ್ನೆ ಒಂದನ್ನು ತಿರುಗಿಸಿದರೂ ಇಡೀ ಹೊಂದಾಣಿಕೆ ಕೆಡುತ್ತದೆ. 1960ಕ್ಕೂ ಹಿಂದಿನ, ಕತ್ತಲಲ್ಲಿ ಹೊಳೆಯಲೆಂದು ಬಣ್ಣ ಬಳಿದ ಡಯಲ್ ಆಗಿದ್ದರೆ ಅದು ರೇಡಿಯಂ ಇರಬಹುದು. ಅದರ ಪುಡಿ ಉಸಿರಿಗೆ ಹೋಗಬಾರದು.

ಸರ್ವಿಸ್‌ಗೆ ಕೊಡುವಾಗ ಕ್ರೊನೊಗ್ರಾಫ್ ಮಾಡಿ ಅಭ್ಯಾಸ ಇದೆಯೇ ಎಂದು ನೇರವಾಗಿ ಕೇಳಿ. ಪ್ರತಿ ಭಾಗ ಬಿಚ್ಚಿ, ತೊಳೆದು, ಬೇಕಾದಲ್ಲಿ ಮಾತ್ರ ಎಣ್ಣೆ ಹಾಕಬೇಕು. ಮೇಲಿಂದ ಒಂದು ಹನಿ ಬಿಟ್ಟು ಓಡಿಸಿಕೊಟ್ಟರೆ ಅದು ಸರ್ವಿಸ್ ಅಲ್ಲ. ಟೈಮ್‌ಗ್ರಾಫರ್ (ವಾಚು ಎಷ್ಟು ಸರಿಯಾಗಿ ಓಡುತ್ತದೆಂದು ಅಳೆಯುವ ಯಂತ್ರ) ಮೇಲೆ ಕ್ರೊನೊಗ್ರಾಫ್ ನಿಲ್ಲಿಸಿಯೂ ಓಡಿಸಿಯೂ ಎರಡು ರೀಡಿಂಗ್ ತೋರಿಸಲು ಹೇಳಿ. ಕೇಸಿಗೆ ಪಾಲಿಶ್ ಬೇಡ, ಡಯಲ್‌ಗೆ ಹೊಸ ಬಣ್ಣ ಬೇಡ. ಬದಲಿಸಿದ ಹಳೆಯ ಭಾಗಗಳನ್ನು ವಾಪಸ್ ಪಡೆಯಿರಿ. ವಾಶರ್‌ಗಳನ್ನಂತೂ ತಪ್ಪದೆ ಹೊಸದು ಹಾಕಿಸಿ. ಹಾಗೆಂದು ಆ ವಾಚು ಮಳೆಯಲ್ಲಿ ನೆನೆಯಬಹುದು ಅಂದುಕೊಳ್ಳಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಸ್ಪೀಕರ್, ಮಿಕ್ಸಿ ಹತ್ತಿರ ಬೇಡ, ಕಾಂತ ಹಿಡಿದರೆ ವಾಚು ಜೋರಾಗಿ ಓಡಲು ಶುರುಮಾಡುತ್ತದೆ. ಗಾಜಿನ ಒಳಗೆ ಮಂಜು ಕಂಡರೆ ಅಕ್ಕಿಯಲ್ಲಿ ಹುಗಿದು ಕಾಯಬೇಡಿ. ಕೂದಲೆಳೆಯಂಥ ಸ್ಪ್ರಿಂಗ್‌ಗೆ ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ. ಅವತ್ತೇ ರಿಪೇರಿಯವರ ಬಳಿ ಒಯ್ದು ಬಿಚ್ಚಿಸಿ, ಒಣಗಿಸಿ.