ಆಯಿಲ್ ಸೋರಿಕೆ: ಮೇಲಿಂದ ಕೆಳಕ್ಕೆ ಹುಡುಕಿ

ಕಾರಿನ ಕೆಳಗೆ ಆಯಿಲ್ ಹನಿ ಕಂಡ ಕೂಡಲೇ ಎಂಜಿನ್ನಿನ ತಳದ ಆಯಿಲ್ ಪ್ಯಾನ್ ಬಿಚ್ಚಿಸಬೇಡಿ. ಆಯಿಲ್ ಮೇಲಿಂದ ಇಳಿದು, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೆ ಹರಡಿರುತ್ತದೆ. ತಣ್ಣಗಿರುವ ಎಂಜಿನ್ನಿಗೆ ಜಿಡ್ಡು ತೆಗೆಯುವ ಡಿಗ್ರೀಸರ್ ಹೊಡೆದು ಒರೆಸಿ, 20–30 ಕಿ.ಮೀ. ಓಡಿಸಿ, ಟಾರ್ಚ್ ಹಿಡಿದು ವಾಲ್ವ್ ಕವರಿನ (ಎಂಜಿನ್ನಿನ ಮೇಲಿನ ಮುಚ್ಚಳ) ಅಂಚು, ಆಯಿಲ್ ಫಿಲ್ಟರ್, ತಳದಲ್ಲಿ ಆಯಿಲ್ ಇಳಿಸುವ ಡ್ರೈನ್ ಪ್ಲಗ್ ನೋಡುತ್ತ ಬನ್ನಿ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದರಲ್ಲೇ ಸಾಮಾನ್ಯವಾಗಿ ಮೂಲ ಸಿಗುತ್ತದೆ.

ಫಿಲ್ಟರ್ ಬದಲಿಸಿದ ಮೇಲೆ ಶುರುವಾಗಿದ್ದರೆ, ಹಳೇ ಫಿಲ್ಟರಿನ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡಿರಬಹುದು. ಡ್ರೈನ್ ಪ್ಲಗ್ಗಿಗೆ ಪ್ರತಿ ಸಲ ಹೊಸ ವಾಷರ್ ಹಾಕಿಸಿ. ವಾಲ್ವ್ ಕವರ್ ಬೋಲ್ಟನ್ನು ವಿಪರೀತ ಬಿಗಿದರೆ ಅದರಡಿಯ ಗ್ಯಾಸ್ಕೆಟ್ (ಸೋರದಂತೆ ತಡೆಯುವ ಪಟ್ಟಿ) ಹಿಸುಕಿ ಸೋರಿಕೆ ಹೆಚ್ಚುತ್ತದೆ, ದಯವಿಟ್ಟು ಮೆಕ್ಯಾನಿಕ್‌ಗೆ ನಿಗದಿತ ಬಿಗಿಗೆ ತಿರುಗಿಸುವ ಟಾರ್ಕ್ ರೆಂಚ್ ಬಳಸಲು ಹೇಳಿ.

ಹಲವು ಕಡೆ ಒಟ್ಟಿಗೇ ಒಸರುತ್ತಿದೆಯೇ? ಮೊದಲು ಪಿಸಿವಿ ವಾಲ್ವ್ (ಎಂಜಿನ್ ಒಳಗೆ ಸೇರುವ ಗ್ಯಾಸನ್ನು ಹೊರಬಿಡುವ ಕವಾಟ) ನೋಡಿಸಿ. ಅದು ಕಟ್ಟಿಕೊಂಡರೆ ಒಳಗಿನ ಒತ್ತಡ ಏರಿ ಹೊಸ ಸೀಲಿನಿಂದಲೂ ಆಯಿಲ್ ಹೊರಬರುತ್ತದೆ. ಗೇರ್‌ಬಾಕ್ಸ್ ಇಳಿಸಿ ಎಂಜಿನ್ನಿನ ಹಿಂಬದಿಯ ಸೀಲ್ ಬದಲಿಸುವ ದುಬಾರಿ ಕೆಲಸ ಇದಾದ ಮೇಲೆಯೇ.