ಶಿರಸಿಯಿಂದ ಜರ್ಮನಿಗೆ: ಕಾಗದ, ಹಣ, ಸಾಮಾನು – ನಾನು ಮಾಡಿಕೊಂಡ ಕ್ರಮ

ಜರ್ಮನಿಗೆ ಓದಲು ಹೊರಟ ನಮ್ಮ ಕಡೆಯ ಹುಡುಗ ಹುಡುಗಿಯರು ಮೊದಲು ಕೇಳುವುದು ‘ಯಾವ ಯೂನಿವರ್ಸಿಟಿ ಒಳ್ಳೇದು’ ಎಂದು. ನಾನು ಮೊದಲು ಕೇಳುವುದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಪಾಸ್‌ಪೋರ್ಟ್. ಎರಡನ್ನೂ ಪಕ್ಕಪಕ್ಕ ಇಟ್ಟು ಹೆಸರು ಓದಬೇಕು, ಅಕ್ಷರ ಅಕ್ಷರ ಹಿಡಿದು.

ನಮ್ಮ ಜಿಲ್ಲೆಯಲ್ಲಿ ಹೆಸರಿಗೆ ಮೂರು ತುಂಡು: ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಶಾಲೆಯ ದಾಖಲೆಯಲ್ಲಿ ಮೂರೂ ಇದ್ದರೆ ಆಧಾರ್‌ನಲ್ಲಿ ಅಪ್ಪನ ಹೆಸರೇ ಬಿಟ್ಟುಹೋಗಿರುತ್ತದೆ. ಡಿಗ್ರಿ ಅಂಕಪಟ್ಟಿಯಲ್ಲಿ ಅದು ಒಂದು ಇನಿಶಿಯಲ್‌ಗೆ ಇಳಿದಿರುತ್ತದೆ, ಕೆಲವರದರಲ್ಲಿ ಅಡ್ಡಹೆಸರು ಮುಂದೆ ಬಂದು ಕೂತಿರುತ್ತದೆ. ಇದರ ಮೇಲೆ ಇಂಗ್ಲಿಷ್ ಕಾಗುಣಿತದ ಗೋಳು. ಒಂದರಲ್ಲಿ ಹೆಗಡೆ, ಇನ್ನೊಂದರಲ್ಲಿ ಹೆಗ್ಡೆ. ಒಂದರಲ್ಲಿ ಭಟ್, ಇನ್ನೊಂದರಲ್ಲಿ ಭಟ್ಟ. ನಾಯ್ಕ ಹೋಗಿ ನಾಯಕ. ಊರಲ್ಲಿ ಇದು ಯಾರಿಗೂ ಲೆಕ್ಕಕ್ಕಿಲ್ಲ. ಅಲ್ಲಿನ ಗುಮಾಸ್ತನಿಗೆ ಅವು ಇಬ್ಬರು ಬೇರೆ ಬೇರೆ ಮನುಷ್ಯರು.

ನಾನು ಹಿಡಿದ ದಾರಿ ಇದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತಿದ್ದಿಸುವುದು ಎಲ್ಲಕ್ಕಿಂತ ಕಷ್ಟ, ಹಾಗಾಗಿ ಅದನ್ನೇ ಆಧಾರವಾಗಿಟ್ಟುಕೊಳ್ಳಬೇಕು. ಆಧಾರ್ ಅದಕ್ಕೆ ಹೊಂದಬೇಕು, ಆಮೇಲೆ ಪಾಸ್‌ಪೋರ್ಟ್. ಪಾಸ್‌ಪೋರ್ಟ್ ಅರ್ಜಿಯಲ್ಲಿ ‘ಗಿವನ್ ನೇಮ್’ ಜಾಗದಲ್ಲಿ ತನ್ನ ಹೆಸರು ಮತ್ತು ಅಪ್ಪನ ಹೆಸರು, ‘ಸರ್‌ನೇಮ್’ ಜಾಗದಲ್ಲಿ ಅಡ್ಡಹೆಸರು. ಸರ್‌ನೇಮ್ ಖಾಲಿ ಬಿಡಬೇಡಿ. ಈಗಾಗಲೇ ಪಾಸ್‌ಪೋರ್ಟ್ ಇದ್ದು ತಪ್ಪಿದ್ದರೆ ಹುಬ್ಬಳ್ಳಿಯ ಸೇವಾ ಕೇಂದ್ರದಲ್ಲಿ ಮರುವಿತರಣೆಗೆ ಹಾಕಿ, ಆಮೇಲೆಯೇ ಮುಂದಿನ ಹೆಜ್ಜೆ. ಡಿಗ್ರಿ ಅಂಕಪಟ್ಟಿಯ ತಿದ್ದುಪಡಿಗೆ ಕಾಲೇಜಿನ ಮೂಲಕ ಅರ್ಜಿ ಹೋಗಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಅಷ್ಟು ಸಮಯ ಇಲ್ಲದಿದ್ದರೆ ‘ಈ ಎರಡೂ ಹೆಸರು ಒಬ್ಬರದೇ’ ಎಂಬ ಅಫಿಡವಿಟ್ ಅನ್ನು ಛಾಪಾ ಕಾಗದದ ಮೇಲೆ, ಇಂಗ್ಲಿಷಿನಲ್ಲಿ, ನೋಟರಿಯಿಂದ ಮಾಡಿಸಿ. ಎರಡು ಮೂಲಪ್ರತಿ ಇರಲಿ.

ಜರ್ಮನಿಯಲ್ಲಿ ಚಳಿಗಾಲದ ಸೆಮಿಸ್ಟರ್ ಅಕ್ಟೋಬರಿಗೆ ಶುರು. ಕೆಲಸ ಹಿಂದಿನ ವರ್ಷದ ಅಕ್ಟೋಬರಿನಲ್ಲೇ ಶುರುವಾಗಬೇಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೋ ಬೆಳಗಾವಿಯ ವಿಟಿಯುವೋ, ಟ್ರಾನ್ಸ್‌ಕ್ರಿಪ್ಟ್ ಬೇಡುವಾಗ ಅದರ ಜೊತೆ ಎರಡು ಪತ್ರ ಕೇಳಿ: ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದಕ್ಕೆ ಒಂದು, ಗರಿಷ್ಠ ಅಂಕ ಮತ್ತು ಪಾಸಾಗಲು ಬೇಕಾದ ಕನಿಷ್ಠ ಅಂಕ ಎಷ್ಟು ಎಂದು ಬರೆದ ಇನ್ನೊಂದು. ಎರಡನೆಯದನ್ನು ಹೆಚ್ಚಿನವರು ಬಿಡುತ್ತಾರೆ. ಅದು ಏಕೆ ಬೇಕು ಎಂದರೆ, ಜರ್ಮನಿಯಲ್ಲಿ 1 ಅತ್ಯುತ್ತಮ, 4 ಬರೀ ಪಾಸು. ನಮ್ಮ ಅಂಕವನ್ನು ಅದಕ್ಕೆ ಇಳಿಸುವ ಲೆಕ್ಕ ಹೀಗೆ: ಗರಿಷ್ಠದಿಂದ ನಿಮ್ಮ ಅಂಕ ಕಳೆಯಿರಿ, ಗರಿಷ್ಠದಿಂದ ಕನಿಷ್ಠ ಕಳೆದು ಬಂದ ಸಂಖ್ಯೆಯಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. ಸಿಜಿಪಿಎ 8.2, ಗರಿಷ್ಠ 10, ಕನಿಷ್ಠ 4 ಆದರೆ 1.9 ಬರುತ್ತದೆ. ಕನಿಷ್ಠ 5 ಎಂದು ಅಲ್ಲಿನ ವಿಶ್ವವಿದ್ಯಾಲಯದವರು ಊಹಿಸಿಕೊಂಡರೆ ಅದೇ ಸಿಜಿಪಿಎಗೆ 2.08. ಕಟ್‌ಆಫ್ 2.0 ಇಟ್ಟ ಕೋರ್ಸಿಗೆ ಆ ಒಂದು ಕಾಗದ ಇಲ್ಲದ್ದಕ್ಕೇ ಹೊರಗುಳಿಯಬೇಕಾದೀತು.

ಭಾರತದಲ್ಲಿ ಓದಿದವರಿಗೆ 2022ರ ನವೆಂಬರಿನಿಂದ ಎಪಿಎಸ್ ಪ್ರಮಾಣಪತ್ರ, ಅಂದರೆ ನಮ್ಮ ಅಂಕಪಟ್ಟಿ-ಪದವಿಗಳನ್ನು ಪರಿಶೀಲಿಸಿ ಕೊಡುವ ಪತ್ರ, ಕಡ್ಡಾಯ. ಶುಲ್ಕ 18,000 ರೂಪಾಯಿ. ಇದು ಸಿಗದೆ ವೀಸಾ ಅರ್ಜಿ ಮುಂದೆ ಹೋಗುವುದಿಲ್ಲ, ಎಷ್ಟೋ ವಿಶ್ವವಿದ್ಯಾಲಯಗಳು ಪ್ರವೇಶದ ಅರ್ಜಿಗೇ ಕೇಳುತ್ತವೆ. ಹಾಗಾಗಿ ನವೆಂಬರಿನಲ್ಲೇ ಹಾಕಿ. ಪ್ರವೇಶದ ಅರ್ಜಿ ಕೆಲವು ಕಡೆ ನೇರವಾಗಿ, ಕೆಲವು ಕಡೆ ಯೂನಿ-ಅಸಿಸ್ಟ್ ಎಂಬ, ಹಲವು ವಿಶ್ವವಿದ್ಯಾಲಯಗಳ ಪರವಾಗಿ ಅರ್ಜಿ ನೋಡುವ ಸಂಸ್ಥೆಯ ಮೂಲಕ. ಅಲ್ಲಿ ಮೊದಲ ಅರ್ಜಿಗೆ 75 ಯೂರೋ, ಅದೇ ಸೆಮಿಸ್ಟರಿನ ಮುಂದಿನ ಪ್ರತಿಯೊಂದಕ್ಕೆ 30. ಜುಲೈ 15 ಕೊನೆಯ ದಿನ ಎಂಬುದು ಎಲ್ಲರ ಬಾಯಲ್ಲಿದೆ. ಹೊರದೇಶದವರಿಗೆ ಬಹಳ ಕೋರ್ಸುಗಳು ಅದಕ್ಕಿಂತ ಎಷ್ಟೋ ಮೊದಲೇ ಮುಚ್ಚುತ್ತವೆ. ಪ್ರತಿ ಕೋರ್ಸಿನ ಪುಟ ತೆರೆದು ದಿನಾಂಕ ಬರೆದಿಟ್ಟುಕೊಳ್ಳಬೇಕು.

ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರ್ ವಂತಿಗೆ ಮಾತ್ರ. ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ಯುರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ 2024ರಿಂದ ಶುಲ್ಕ ಹಾಕಿದೆ. ಏಜೆಂಟರು ಖಾಸಗಿ ಸಂಸ್ಥೆಗೆ ತಳ್ಳಲು ನೋಡಿದರೆ, ಅನಾಬಿನ್ ಎಂಬ ಜಾಲತಾಣದಲ್ಲಿ ಆ ಸಂಸ್ಥೆಗೆ ‘ಹೆಚ್ ಪ್ಲಸ್’ ಗುರುತು, ಅಂದರೆ ಮಾನ್ಯತೆ, ಇದೆಯೇ ನೋಡಿ, ಆಮೇಲೆ ಎರಡು ವರ್ಷದ ಶುಲ್ಕ ಕೂಡಿಸಿ ನೋಡಿ. ಸರ್ಕಾರಿಯಲ್ಲಿ ಸೀಟು ಸಿಗುವ ಅಂಕ ಇದ್ದವರು ಅತ್ತ ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ಹಣ. ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ ಒಂದು ವರ್ಷದ ಖರ್ಚು ಮುಂಚೆಯೇ ಇಡಬೇಕು. 2024ರ ಸೆಪ್ಟೆಂಬರಿನಿಂದ ಅದು 11,904 ಯೂರೋ, ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992ರಂತೆ ಬಿಡುತ್ತಾರೆ. ನಮ್ಮ ಮನೆಗಳಲ್ಲಿ ಈ ಹಣ ಬರುವುದು ಅಡಿಕೆಯಿಂದ ಇಲ್ಲವೇ ಸಾಲದಿಂದ. ಚಾಲಿ, ಅಂದರೆ ಬಿಸಿಲಿಗೆ ಹಾಕಿದ ಹಣ್ಣಡಿಕೆ, ಒಣಗಿ, ಸುಲಿದು, ವಖಾರಿಗೆ ಹೋಗುವುದು ಮಾರ್ಚ್-ಏಪ್ರಿಲ್ ಹೊತ್ತಿಗೆ. ದರ ಏರೀತು ಎಂದು ಮಳೆಗಾಲದವರೆಗೆ ಇಟ್ಟುಕೊಂಡರೆ ಹಣ ಕೈಗೆ ಬರುವಾಗ ವೀಸಾ ಸ್ಲಾಟ್ ಹೋಗಿರುತ್ತದೆ. ಮಗ ಮಗಳು ಹೊರಡುವ ವರ್ಷ ಬೇಕಾದಷ್ಟು ಅಡಿಕೆಯನ್ನು ಮೇ ಒಳಗೆ ವಿಕ್ರಿ ಮಾಡಿ, ಉಳಿದದ್ದು ದರಕ್ಕೆ ಕಾಯಲಿ.

ಸಾಲಕ್ಕೆ ಹೋಗುವವರು ಒಂದು ವಿಷಯ ಮೊದಲೇ ತಿಳಿದಿರಬೇಕು. ನಾಲ್ಕು ಎಕರೆ ತೋಟ ಇದೆ ಎಂದರೆ ಬ್ಯಾಂಕು ಒಪ್ಪಿಬಿಡುತ್ತದೆ ಎಂಬ ಭರವಸೆ ಇಟ್ಟುಕೊಳ್ಳಬೇಡಿ. ಕಂತು ತಪ್ಪಿದಾಗ ಅಡವು ಆಸ್ತಿ ಜಪ್ತಿ ಮಾಡಲು ಬ್ಯಾಂಕುಗಳು ಬಳಸುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಶಿಕ್ಷಣ ಸಾಲಕ್ಕೆ ಅವರು ಸಾಮಾನ್ಯವಾಗಿ ತೋಟ ಅಡವು ಹಿಡಿಯುವುದಿಲ್ಲ. ಸೊಪ್ಪಿನ ಬೆಟ್ಟ ನಿಮ್ಮ ಸ್ವತ್ತೇ ಅಲ್ಲ, ಸೊಪ್ಪು ತರುವ ಹಕ್ಕು ಅಷ್ಟೇ. ಸಕ್ರಮ ಆಗದ ಅತಿಕ್ರಮಣ ಜಾಗದ ಮಾತೇ ಬೇಡ. ಅವರಿಗೆ ಬೇಕಾದದ್ದು ಎನ್ಎ (ಕೃಷಿಯೇತರ) ಆದ ಜಾಗದ ಮೇಲಿನ ಮನೆ, ಪಂಚಾಯ್ತಿಯ ಇ-ಸ್ವತ್ತು ನಮೂನೆ 9 ಮತ್ತು 11, ಋಣಭಾರ ಪತ್ರ, ಅದಿಲ್ಲದಿದ್ದರೆ ಠೇವಣಿ. ಮನೆ ಅಜ್ಜನ ಹೆಸರಿನಲ್ಲೇ ಉಳಿದಿದ್ದರೆ ವಾರಸಾ ಮಾಡಿಸುವ ಕೆಲಸವನ್ನು ಒಂದು ವರ್ಷ ಮೊದಲೇ ಹಿಡಿಯಿರಿ.

ಹಣ ಕಳಿಸುವಾಗ ಎಡವುವ ಜಾಗ ಮೂರು. ಎಲ್ಲ ಶಾಖೆಗಳಲ್ಲೂ ವಿದೇಶಿ ವಿನಿಮಯದ ಕೆಲಸ ಇರುವುದಿಲ್ಲ, ಮೊದಲೇ ವಿಚಾರಿಸಿ. ಹೊರದೇಶಕ್ಕೆ ಹಣ ಕಳಿಸಲು ಬ್ಯಾಂಕಿಗೆ ಕೊಡುವ ಎ2 ಫಾರ್ಮಿನಲ್ಲಿ ಉದ್ದೇಶದ ಕೋಡ್ ಎಸ್0305, ಅಂದರೆ ಶಿಕ್ಷಣ. ಮೂರನೆಯದು ನಡುವಿನ ಬ್ಯಾಂಕಿನ ಕಮಿಷನ್: ಇಲ್ಲಿಂದ ಸರಿಯಾಗಿ 11,904 ಕಳಿಸಿದರೆ ಅಲ್ಲಿ ಹದಿನೈದು-ಇಪ್ಪತ್ತು ಯೂರೋ ಕಡಿಮೆ ಮುಟ್ಟಬಹುದು, ಪೂರ್ತಿ ಮೊತ್ತ ಆಗುವವರೆಗೆ ದೃಢೀಕರಣ ಪತ್ರ ಬರುವುದಿಲ್ಲ. ಚಾರ್ಜ್ ಕಾಲಂನಲ್ಲಿ ‘ಅವರ್’ (OUR, ಕಮಿಷನ್ ಕಳಿಸುವವರದೇ) ಎಂದು ಗುರುತು ಮಾಡಿಸಿ, ಮೇಲೆ 100 ಯೂರೋ ಹೆಚ್ಚು ಕಳಿಸಿ. ಶಿಕ್ಷಣ ಸಾಲದಿಂದ ಹೋದ ಹಣಕ್ಕೆ 2025ರ ಏಪ್ರಿಲ್‌ನಿಂದ ಟಿಸಿಎಸ್, ಅಂದರೆ ಕಳಿಸುವಾಗಲೇ ಬ್ಯಾಂಕು ಹಿಡಿಯುವ ತೆರಿಗೆ, ಇಲ್ಲ. ಸ್ವಂತ ಹಣವಾದರೆ ಒಂದು ಪ್ಯಾನ್‌ಗೆ ವರ್ಷಕ್ಕೆ 10 ಲಕ್ಷದ ಆಚೆಗಿನ ಮೊತ್ತಕ್ಕೆ ಕಡಿತ ಆಗುತ್ತದೆ. ಕಡಿತವಾದದ್ದು ಆದಾಯ ತೆರಿಗೆ ರಿಟರ್ನ್ ಹಾಕಿದರೆ ಮಾತ್ರ ವಾಪಸು. ಅಡಿಕೆಯೊಂದೇ ಆದಾಯ, ತೆರಿಗೆ ಇಲ್ಲ ಎಂದು ರಿಟರ್ನ್ ಹಾಕದ ಮನೆಯವರು ಆ ಹಣ ಬಿಟ್ಟುಕೊಟ್ಟಂತೆ.

ಬ್ಲಾಕ್ಡ್ ಅಕೌಂಟಿನ ಮೊದಲ ಕಂತು ಇಳಿದ ದಿನ ಸಿಗುವುದಿಲ್ಲ. ಮನೆ ವಿಳಾಸ, ಅಲ್ಲಿನ ಬ್ಯಾಂಕ್ ಖಾತೆ ಆದ ಮೇಲೆ. ಅಷ್ಟರಲ್ಲಿ ಮನೆಯ ಡಿಪಾಸಿಟ್, ಬಾಡಿಗೆ, ಸೆಮಿಸ್ಟರ್ ವಂತಿಗೆ ಕಟ್ಟಬೇಕು. ಇದಕ್ಕೆಂದೇ ಫಾರೆಕ್ಸ್ ಕಾರ್ಡಿನಲ್ಲಿ 2,000 ಯೂರೋ, ನಗದು 200-300 ಬೇರೆ ಇರಲಿ.

ಕರ್ನಾಟಕದವರ ವೀಸಾ ನೋಡುವುದು ಬೆಂಗಳೂರಿನ ಜರ್ಮನ್ ಕಾನ್ಸುಲೇಟ್. ಅರ್ಜಿ ಈಗ ಆನ್‌ಲೈನ್, ಬೆರಳಚ್ಚು ಮತ್ತು ಮೂಲ ದಾಖಲೆಗೆ ಖುದ್ದಾಗಿ ಹೋಗಬೇಕು. ಶುಲ್ಕ 75 ಯೂರೋ. ತಿರಸ್ಕಾರವಾದರೆ ಮರುಪರಿಶೀಲನೆ ಕೇಳುವ ಹಳೆಯ ಅವಕಾಶ 2025ರ ಜುಲೈನಿಂದ ಇಲ್ಲ. ಹೊಸ ಅರ್ಜಿ ಹಾಕಬೇಕು, ಇಲ್ಲವೇ ಕೋರ್ಟು. ಸ್ಲಾಟ್ ಬರುವುದು ಹೆಚ್ಚಾಗಿ ಜೂನ್-ಆಗಸ್ಟಿನಲ್ಲಿ, ನಮ್ಮಲ್ಲಿ ಘಟ್ಟ ಕುಸಿಯುವ ಕಾಲ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿ ದಿನಗಟ್ಟಲೆ ಬಂದ್ ಇತ್ತು, ಮುಂದಿನ ತಿಂಗಳೇ ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಕಾರವಾರ, ಕುಮಟಾದವರು ನೆಚ್ಚಿಕೊಳ್ಳುವ ಪಂಚಗಂಗಾ ರೈಲೂ ಸಕಲೇಶಪುರ ಘಟ್ಟ ಹತ್ತಬೇಕು. ಬೆಳಿಗ್ಗೆ ಇಳಿದು ಹತ್ತು ಗಂಟೆಗೆ ಸ್ಲಾಟ್ ಎಂಬ ಲೆಕ್ಕ ಹಾಕದೆ ಎರಡು ದಿನ ಮೊದಲೇ ಬೆಂಗಳೂರು ಸೇರಿ. ವಿಮಾನಕ್ಕೂ ಇದೇ ಮಾತು.

ಸಾಮಾನಿನಲ್ಲಿ ಅಮ್ಮಂದಿರು ಮೊದಲು ಇಡುವುದು ತುಪ್ಪದ ಡಬ್ಬ. ಅದು ಹೋಗುವುದಿಲ್ಲ. ಹಾಲು, ತುಪ್ಪ, ಪೇಡೆ, ಮಾಂಸ ಇವನ್ನು ಹೊರದೇಶದಿಂದ ತರಲು ಯುರೋಪಿಯನ್ ಒಕ್ಕೂಟ ಬಿಡುವುದಿಲ್ಲ. ಹಸಿ ಕರಿಬೇವೂ ಬೇಡ. ಒಣಮೀನಿಗೆ ಮಾತ್ರ ಅವಕಾಶ ಇದೆ, ಸ್ವಂತ ಬಳಕೆಗೆ 20 ಕಿಲೋವರೆಗೆ. ಒಣ ಸಿಗಡಿ ಅರ್ಧ ಕಿಲೋ ಮೂರು ಪದರ ಪ್ಯಾಕಿಂಗಿನಲ್ಲಿ ಒಯ್ದರೆ ಸಾಕಾಗುತ್ತದೆ. ಒಣಕೊಬ್ಬರಿ ಬೇಗ ಬೆಂಕಿ ಹಿಡಿಯುವ ವಸ್ತುವೆಂದು ವಿಮಾನಕ್ಕೆ ಬಿಡುವುದಿಲ್ಲ. ದುಬೈ ಮೇಲೆ ಹೋಗುವವರು ಗಸಗಸೆ, ಕವಳದ ಎಲೆ ಎರಡನ್ನೂ ಮನೆಯಲ್ಲೇ ಬಿಡಿ, ಯುಎಇಯಲ್ಲಿ ಎರಡಕ್ಕೂ ನಿಷೇಧ ಇದೆ.

ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯುವುದಾದರೆ ಈ ವರ್ಷದ ಹೊಸದನ್ನು ಬಿಟ್ಟು ಹಿಂದಿನ ವರ್ಷದ ಹಳೆಯದನ್ನು ಒಯ್ಯಿ. ಹೊಸದು ಇನ್ನೂ ಹುಳಿಯುತ್ತಾ ಗಾಳಿ ಬಿಡುತ್ತಿರುತ್ತದೆ. ಮೇಲೆ ಹೋದಂತೆ ವಿಮಾನದೊಳಗಿನ ಒತ್ತಡ ಇಳಿದು ಡಬ್ಬದ ಗಾಳಿ ಹಿಗ್ಗುತ್ತದೆ, ಮುಚ್ಚಳದ ಸಂದಿಯಿಂದ ರಸ ಹೊರಬರುತ್ತದೆ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಕ್ಕೆ ಮಿಡಿಯನ್ನು ಒತ್ತಿ ತುಂಬಿ, ರಸ ಮೇಲೆ ಬರುವಷ್ಟೇ ಇಟ್ಟು, ಬಾಯಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಮುಚ್ಚಳ ತಿರುಗಿಸಿ, ಸುತ್ತ ಟೇಪು, ಎರಡು ಜಿಪ್ ಚೀಲ, ಬಟ್ಟೆಗಳ ನಡುವೆ ನೆಟ್ಟಗೆ. ಕೈಚೀಲದಲ್ಲಿ ಇಟ್ಟರೆ ಭದ್ರತಾ ತಪಾಸಣೆಯಲ್ಲಿ ತೆಗೆಸುತ್ತಾರೆ. ಮುರುಗಲ ಸಿಪ್ಪೆ, ಹಲಸಿನ ಹಪ್ಪಳ, ಸಾರಿನ ಪುಡಿಗೆ ಇಷ್ಟೆಲ್ಲ ತಾಪತ್ರಯ ಇಲ್ಲ. ಕುಕ್ಕರ್ ಎರಡು-ಮೂರು ಲೀಟರಿನದು, ತಳ ಚಪ್ಪಟೆ ಇರುವ ಸ್ಟೀಲಿನದೇ ಇರಲಿ. ಅಲ್ಯುಮಿನಿಯಂ ಕುಕ್ಕರ್ ಇಂಡಕ್ಷನ್ ಒಲೆಯಲ್ಲಿ ಕಾಯುವುದೇ ಇಲ್ಲ. ಅದರದೇ ಗ್ಯಾಸ್ಕೆಟ್ ಎರಡು, ಸೇಫ್ಟಿ ವಾಲ್ವ್ ಒಂದು ಹೆಚ್ಚು ಇಟ್ಟುಕೊಳ್ಳಿ. ಪವರ್ ಬ್ಯಾಂಕ್ ಕೈಚೀಲದಲ್ಲೇ. ಚಳಿಯ ದಪ್ಪ ಕೋಟು ಇಲ್ಲಿಂದ ಬೇಡ, ಅಲ್ಲಿಯದೇ ಒಳ್ಳೆಯದು.

ಹೊರಡುವ ಮೊದಲು ಬ್ಯಾಂಕಿಗೆ ಜೋಡಿಸಿದ ಸಿಮ್‌ಗೆ ರೋಮಿಂಗ್ ಹಾಕಿಸಿ. ಅದು ನಿಂತರೆ ಒಟಿಪಿ ನಿಂತಿತು, ಒಟಿಪಿ ನಿಂತರೆ ಸಾಲದ ಖಾತೆಯೂ ನಿಮ್ಮ ಕೈಯಲ್ಲಿಲ್ಲ.

ಪ್ರವೇಶ ಪತ್ರ ಬಂದ ದಿನವೇ ಸ್ಟುಡೆಂಟನ್‌ವೆರ್ಕ್ (ವಿದ್ಯಾರ್ಥಿ ಸೇವಾ ಸಂಸ್ಥೆ) ಹಾಸ್ಟೆಲಿಗೆ ಹೆಸರು ಹಚ್ಚಿ. ಮನೆ ತೋರಿಸದೆ ಮುಂಗಡ ಕೇಳುವವರಿಗೆ ಒಂದು ಯೂರೋ ಕೂಡ ಕಳಿಸಬೇಡಿ. ಕೀಲಿಕೈ ಸಿಕ್ಕ ದಿನ ಮಾಲೀಕರಿಂದ ವಾಸದ ದೃಢೀಕರಣಕ್ಕೆ ಸಹಿ ಹಾಕಿಸಿ, 14 ದಿನದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೂ ಮೊದಲು ಅಂಚೆ ಪೆಟ್ಟಿಗೆ ಮತ್ತು ಕರೆಗಂಟೆಯ ಮೇಲೆ ನಿಮ್ಮ ಅಡ್ಡಹೆಸರಿನ ಚೀಟಿ ಅಂಟಿಸಿ. ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಪತ್ರ ಹಾಕದೆ ತಿರುಗಿ ಕಳಿಸುತ್ತಾರೆ, ಬ್ಯಾಂಕ್ ಪಿನ್, ವಿಮೆ ಕಾರ್ಡು ಎಲ್ಲ ಬರುವುದು ಅಂಚೆಯಲ್ಲೇ. ಊರಿನಲ್ಲಿ ಅಂಚೆಯವರು ಮುಖ ನೋಡಿ ಗುರುತು ಹಿಡಿಯುತ್ತಾರೆ, ಅಲ್ಲಿ ಚೀಟಿಯೇ ಗುರುತು.

ಆರೋಗ್ಯ ವಿಮೆ 30 ವರ್ಷದೊಳಗಿನವರು ಸರ್ಕಾರಿ ವ್ಯವಸ್ಥೆಯದ್ದೇ ಮಾಡಿಸಿ. ತಿಂಗಳಿಗೆ 140 ಯೂರೋ ದಾಟುತ್ತದೆ, ಖಾಸಗಿಯದು ಅಗ್ಗ ಕಾಣುತ್ತದೆ. ಆದರೆ ಶುರುವಿನಲ್ಲಿ ಖಾಸಗಿ ಆರಿಸಿದರೆ ಓದು ಮುಗಿಯುವವರೆಗೆ ಸರ್ಕಾರಿಗೆ ಬರುವಂತಿಲ್ಲ. ಕೆಲಸ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಮಾಡಬಹುದು. ಕನಿಷ್ಠ ಕೂಲಿ 2026ರಲ್ಲಿ ಗಂಟೆಗೆ 13.90 ಯೂರೋ. ಮೊದಲ ಆರು ತಿಂಗಳು ಈ ಹಣವನ್ನು ಲೆಕ್ಕಕ್ಕೆ ಸೇರಿಸಬೇಡಿ, ಭಾಷೆ ಬಾರದೆ ಕೆಲಸ ಸಿಗುವುದು ತಡ. ತುರ್ತಿಗೆ 112, ಪೊಲೀಸರಿಗೆ 110, ರಾತ್ರಿ ಅಥವಾ ಭಾನುವಾರ ಜ್ವರ ಬಂದರೆ ವೈದ್ಯರಿಗಾಗಿ 116117.

ಚಳಿಗಾಲದಲ್ಲಿ ಇನ್ನೊಂದು ಇದೆ. ಮಳೆಗಾಲದಲ್ಲಿ ಬಚ್ಚಲ ಒಲೆಯ ಮೇಲೆ ಬಟ್ಟೆ ಆರಿಸಿದ ರೂಢಿಯಲ್ಲಿ ಕೋಣೆಯ ಹೀಟರ್ ಮೇಲೆ ಒದ್ದೆ ಬಟ್ಟೆ ಹರವಿ ಕಿಟಕಿ ಮುಚ್ಚಿದರೆ, ಆ ಆವಿ ತಣ್ಣನೆಯ ಗೋಡೆಗೆ ಕೂತು ಮಂಚದ ಹಿಂದೆ ಕಪ್ಪು ಬೂಸ್ಟು ಹಿಡಿಯುತ್ತದೆ. ಅದರ ಖರ್ಚು ಡಿಪಾಸಿಟ್‌ನಿಂದ ಹೋಗುತ್ತದೆ, ಕೆಮ್ಮು ನಿಮಗೆ ಉಳಿಯುತ್ತದೆ. ಹೀಟರ್ ಬಂದ್ ಮಾಡಿ, ದಿನಕ್ಕೆ ಎರಡು ಮೂರು ಸಲ ಕಿಟಕಿಯನ್ನು ಪೂರ್ತಿ ತೆರೆದು ಐದರಿಂದ ಹತ್ತು ನಿಮಿಷ ಗಾಳಿ ಆಡಿಸಿ, ಮಂಚವನ್ನು ಹೊರಗೋಡೆಯಿಂದ ಒಂದು ಗೇಣು ಈಚೆ ಎಳೆದಿಡಿ.